ಯಾರೂ ಬಳಸದ ಬಾಗಿಲು

ಉಪಯೋಗಕ್ಕೆ ಬಾರದ ವಸ್ತುಗಳ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಎರಡು ಪಕ್ಷಗಳಿರುತ್ತವೆ. ಒಂದು ಪಕ್ಷ, ‘ಇರಲಿ ಬಿಡಿ, ಯಾವತ್ತಾದರೂ ಬೇಕಾದೀತು’ ಎನ್ನುತ್ತದೆ. ಇನ್ನೊಂದು ಪಕ್ಷ, ‘ಸುಮ್ಮನೆ ಜಾಗ ತಿನ್ನುತ್ತದೆ, ಗುಜರಿಗೆ ಹಾಕಿ’ ಎನ್ನುತ್ತದೆ. ಅಟ್ಟದ ಮೇಲಿನ ತೂತುಬಿದ್ದ ಹಂಡೆ, ಹಿಡಿ ಕಳಚಿದ ಕೊಡೆ, ಮುಳ್ಳು ನಿಂತ ಗೋಡೆ ಗಡಿಯಾರ ಇವೆಲ್ಲ ಈ ಎರಡು ಪಕ್ಷಗಳ ನಡುವೆ ಇತ್ಯರ್ಥವಾಗದೆ ಉಳಿದ ವ್ಯಾಜ್ಯಗಳು. ನಾನು ಸ್ವಭಾವತಃ ಮೊದಲನೆಯ ಪಕ್ಷದವನು. ಅಟ್ಟದ ಮೇಲಿನ ಹಂಡೆ ಯಾರಿಗೂ ಕೇಡು ಮಾಡುವುದಿಲ್ಲ. ಧೂಳು ಕುಡಿಯುತ್ತಾ ಕೂತಿರುತ್ತದೆ, ಅಷ್ಟೆ. ಆದರೆ ಬಳಕೆ ತಪ್ಪಿದ ಎಲ್ಲ ವಸ್ತುಗಳೂ ಅಟ್ಟದ ಹಂಡೆಯಷ್ಟು ಸಾಧುವಾಗಿರುವುದಿಲ್ಲ. ಕೆಲವು, ನಾವು ಮರೆತ ಮೇಲೂ ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ಅಂಥ ಒಂದರ ಬಗ್ಗೆ ಇಲ್ಲಿ ಹೇಳಬೇಕೆಂದಿದ್ದೇನೆ.

ನಮ್ಮೂರಿನ ವಾಚನಾಲಯದ ಸಮಿತಿಯಲ್ಲಿ ನಾನೂ ಒಬ್ಬ. ಅಲ್ಲಿ ನಾಲ್ಕು ಕಂಪ್ಯೂಟರುಗಳಿವೆ. ಮೂರು ಓದುಗರಿಗೆ, ಒಂದು ಪುಸ್ತಕ ಕೊಡುವ ಮೇಜಿನ ಮೇಲೆ. ಆ ಮೇಜಿನ ಕಂಪ್ಯೂಟರಿಗೇ ಒಂದು ಪ್ರಿಂಟರನ್ನೂ ಜೋಡಿಸಿದ್ದಾರೆ. ಇವುಗಳ ಯೋಗಕ್ಷೇಮ ನೋಡಿಕೊಳ್ಳುವ ಹುಡುಗ ಮಾರ್ಚ್ ತಿಂಗಳ ಸಭೆಗೆ ಎರಡು ಸಾಲಿನ ಚೀಟಿ ಕಳಿಸಿದ್ದ: ‘ನೆಟ್‌ವರ್ಕಿನಿಂದ ಪ್ರಿಂಟು ತೆಗೆಯುವ ಸರ್ವೀಸು ನಾಲ್ಕೂ ಮೆಷಿನ್ನುಗಳಲ್ಲಿ ಓಡುತ್ತಿದೆ. ಮೂರು ತಿಂಗಳಿಂದ ಯಾರೂ ಬಳಸಿಲ್ಲ. ಬಂದ್ ಮಾಡಲೇ?’ ಹೌದು ಎಂದೋ ಬೇಡ ಎಂದೋ ಅರ್ಧ ನಿಮಿಷದಲ್ಲಿ ಮುಗಿಸಬಹುದಾಗಿದ್ದ ಈ ಪ್ರಶ್ನೆಯನ್ನು ಸಭೆ ನನ್ನ ತೀರ್ಮಾನಕ್ಕೆ ಬಿಟ್ಟು ಮುಂದಿನ ವಿಷಯಕ್ಕೆ ಹೋಯಿತು. ನನಗೆ ಮಾತ್ರ ಉತ್ತರ ಹೇಳಲು ಒಂದು ವಾರ ಹಿಡಿಯಿತು.

ಮೊದಲು ಈ ಸರ್ವೀಸು ಅಂದರೆ ಏನು ಎಂದು ಹೇಳಬೇಕು. ಕಂಪ್ಯೂಟರು ಚುರುಕು, ಪ್ರಿಂಟರು ನಿಧಾನ. ಹತ್ತು ಪುಟಗಳನ್ನು ಕಂಪ್ಯೂಟರು ಒಂದು ಕ್ಷಣದಲ್ಲಿ ಒಪ್ಪಿಸಿಬಿಡುತ್ತದೆ. ಪ್ರಿಂಟರು ಒಂದೊಂದಾಗಿ ಗರಗರ ಎಂದು ತೆಗೆಯುತ್ತದೆ. ಈ ಇಬ್ಬರ ನಡುವೆ ಪುಟಗಳನ್ನು ಇಸಿದುಕೊಂಡು, ಸಾಲಿನಲ್ಲಿ ನಿಲ್ಲಿಸಿ, ಸರದಿಯ ಪ್ರಕಾರ ಕಳಿಸುವ ಒಬ್ಬ ಗುಮಾಸ್ತ ಬೇಕು. ವಿಂಡೋಸ್‌ನಲ್ಲಿ ಆ ಗುಮಾಸ್ತನ ಹೆಸರು ಪ್ರಿಂಟ್ ಸ್ಪೂಲರ್. ಲಿನಕ್ಸ್‌ನಲ್ಲಿ ಈ ಕೆಲಸ ಮಾಡುವುದು ಕಪ್ಸ್ ಎಂಬ ತಂತ್ರಾಂಶ. ಮೈಕೇಲ್ ಸ್ವೀಟ್ ಎಂಬಾತ 1997ರಲ್ಲಿ ಅದನ್ನು ಬರೆಯತೊಡಗಿದ. 2002ರಲ್ಲಿ ಆಪಲ್ ಕಂಪನಿಯೂ ತನ್ನ ಕಂಪ್ಯೂಟರುಗಳಿಗೆ ಅದನ್ನೇ ತೆಗೆದುಕೊಂಡಿತು. ಪ್ರಿಂಟರುಗಳು ದುಬಾರಿಯಾಗಿದ್ದ ಕಾಲದಲ್ಲಿ ಒಂದು ಆಫೀಸಿಗೆಲ್ಲ ಒಂದೇ ಪ್ರಿಂಟರು ಇರುತ್ತಿತ್ತು. ಆದ್ದರಿಂದ ಗುಮಾಸ್ತ ತನ್ನ ಮೆಷಿನ್ನಿನ ಕಾಗದವನ್ನು ಮಾತ್ರವಲ್ಲದೆ ನೆರೆಹೊರೆಯ ಮೆಷಿನ್ನುಗಳು ಕಳಿಸಿದ ಕಾಗದವನ್ನೂ ಸ್ವೀಕರಿಸುವ ಏರ್ಪಾಟು ಬಂತು. ಒಳ್ಳೆಯ ಏರ್ಪಾಟೇ. ಆದರೆ ವಿಂಡೋಸಿನ ಗುಮಾಸ್ತನ ಎರಡು ಗುಣಗಳನ್ನು ಗಮನಿಸಬೇಕು. ಒಂದು, ಆತನನ್ನು ಯಾರೂ ಕರೆಯಬೇಕಾಗಿಲ್ಲ. ಮೆಷಿನ್ನು ಶುರುವಾದೊಡನೆ ತಾನೇ ಬಂದು ಕೂರುತ್ತಾನೆ, ಪ್ರಿಂಟರು ಇರಲಿ ಇಲ್ಲದಿರಲಿ. ಎರಡು, ಆತನಿಗೆ ಕೊಟ್ಟಿರುವ ಅಧಿಕಾರ ಗುಮಾಸ್ತನದ್ದಲ್ಲ, ಯಜಮಾನನದ್ದು. ಆತನ ಹೆಸರಿನಲ್ಲಿ ಮೆಷಿನ್ನಿನೊಳಗೆ ಏನು ಬೇಕಾದರೂ ಮಾಡಬಹುದು.

ಇಷ್ಟು ಅಧಿಕಾರವಿರುವವನು ಕೆಲಸವಿಲ್ಲದೆ ಬಾಗಿಲಲ್ಲಿ ಕೂತಿದ್ದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಿದೆ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಹುಳು ಇರಾನಿನ ನತಾಂಜ್‌ನಲ್ಲಿ ಯುರೇನಿಯಂ ಸಂಸ್ಕರಿಸುವ ಯಂತ್ರಗಳನ್ನು ಕೆಡಿಸಿತು. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹರಿಯಲು ಅದು ಹಿಡಿದ ದಾರಿಗಳಲ್ಲಿ ಪ್ರಿಂಟ್ ಸ್ಪೂಲರೂ ಒಂದು. ಅಣು ಘಟಕಕ್ಕೆ ಹೋಗುವ ದಾರಿ ಕಾಗದ ಮುದ್ರಿಸುವ ಗುಮಾಸ್ತನ ಮೇಜನ್ನು ಹಾದುಹೋಗುತ್ತದೆ ಎಂದು ಯಾರು ಎಣಿಸಿದ್ದರು? ಮತ್ತೆ 2021ರ ಜೂನ್ ಕೊನೆಯಲ್ಲಿ ಅದೇ ಸ್ಪೂಲರಿನಲ್ಲಿ ದೊಡ್ಡ ತೂತು ಬಯಲಾಯಿತು. ‘ಪ್ರಿಂಟ್‌ನೈಟ್‌ಮೇರ್’ ಎಂದು ಅದಕ್ಕೆ ಹೆಸರಾಯಿತು. ಮುದ್ರಣದ ದುಃಸ್ವಪ್ನ ಎಂದುಕೊಳ್ಳಿ. ಜುಲೈಯಲ್ಲಿ ಮೈಕ್ರೋಸಾಫ್ಟ್ ಕಂಪನಿ ಅವಸರದ ರಿಪೇರಿ ಹೊರಡಿಸಿತು. ತಾನು ಕೈಬಿಟ್ಟಿದ್ದ ವಿಂಡೋಸ್ 7ಕ್ಕೂ ಅದನ್ನು ಕೊಟ್ಟಿತು. ಅಮೆರಿಕದ ಸರ್ಕಾರ ತನ್ನ ಇಲಾಖೆಗಳ ಮುಖ್ಯ ಮೆಷಿನ್ನುಗಳಲ್ಲಿ ಸ್ಪೂಲರನ್ನು ನಿಲ್ಲಿಸಿಯೇ ಬಿಡಬೇಕೆಂದು ಆಜ್ಞೆ ಮಾಡಿತು. ರಿಪೇರಿಯಾದ ಮೇಲೆ ಆಗಸ್ಟಿನಲ್ಲಿ ಇನ್ನೊಂದು ತೂತು ಕಂಡಿತು. ಲಿನಕ್ಸ್ ಮಂದಿ ನಗುವಂತಿಲ್ಲ. 2024ರ ಸೆಪ್ಟೆಂಬರಿನಲ್ಲಿ ಸಿಮೋನೆ ಮಾರ್ಗರಿಟೆಲ್ಲಿ ಎಂಬ ಇಟಲಿಯ ಸಂಶೋಧಕ ಕಪ್ಸ್‌ನ ಜೊತೆಗಿರುವ ಒಂದು ಸಹಾಯಕ ಸರ್ವೀಸಿನ ಕಥೆ ಹೊರಗೆಡಹಿದ. ಅದು 631ನೇ ನಂಬರಿನ ಬಾಗಿಲಲ್ಲಿ ಕೂತು, ‘ನಾನೊಂದು ಪ್ರಿಂಟರು’ ಎಂದು ಯಾರೇ ಹೇಳಿಕೊಂಡು ಬಂದರೂ ನಂಬಿ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಆಗಲೂ ತಿಳಿದವರು ಹೇಳಿದ ಮೊದಲ ಬುದ್ಧಿವಾದ ಒಂದೇ: ನಿಮಗೆ ಬೇಡವಾದರೆ ನಿಲ್ಲಿಸಿ.

ಇಷ್ಟು ಓದಿದವರು, ‘ಹಾಗಾದರೆ ಯೋಚನೆ ಯಾತಕ್ಕೆ? ಬಂದ್ ಮಾಡಿ’ ಎನ್ನಬಹುದು. ಅಥವಾ ಸಮಿತಿಯ ಒಬ್ಬ ಹಿರಿಯರು ಅಂದ ಹಾಗೆ, ‘ನಮ್ಮ ವಾಚನಾಲಯದಲ್ಲಿ ಕದಿಯುವುದಕ್ಕೆ ಏನಿದೆ ಮಾರಾಯರೇ? ಹರಿದ ಪತ್ತೇದಾರಿ ಕಾದಂಬರಿಗಳೇ?’ ಎಂದೂ ಕೇಳಬಹುದು. ಎರಡನೆಯ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಅದು ಕೇಳುವುದಕ್ಕೆ ವಿನಯದ ಮಾತಿನ ಹಾಗಿದೆ.

ನಮ್ಮಲ್ಲಿ ಕದಿಯಲು ಏನೂ ಇಲ್ಲ ಎಂಬುದು ನಿಜ. ಆದರೆ ಕಂಪ್ಯೂಟರಿನ ಕಳ್ಳ ಯಾವಾಗಲೂ ಕದಿಯುವುದಕ್ಕೇ ಬರುವುದಿಲ್ಲ. ನಿಂತು ಹಾರಲು ಜಾಗ ಹುಡುಕಿಕೊಂಡು ಬರುತ್ತಾನೆ. 1988ರ ನವೆಂಬರ್ 2ರಂದು ಅಮೆರಿಕದಲ್ಲಿ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಒಂದು ಹುಳು ಅಂದಿನ ಇಂಟರ್‌ನೆಟ್ಟಿನ ಸುಮಾರು 6,000 ಕಂಪ್ಯೂಟರುಗಳನ್ನು ತಟ್ಟಿತೆಂದು ಆಗಿನ ಅಂದಾಜು. ಅದು ಒಳಹೊಕ್ಕ ದಾರಿಗಳಲ್ಲಿ ಒಂದು, ಅಂಚೆ ಕಳಿಸುವ ಸೆಂಡ್‌ಮೇಲ್ ಎಂಬ ತಂತ್ರಾಂಶದಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ಒಂದು ಸೌಲಭ್ಯ. ಕೆಲಸ ಮುಗಿದ ಮೇಲೂ ಅದನ್ನು ಬಹಳ ಕಡೆ ಯಾರೂ ಮುಚ್ಚಿರಲಿಲ್ಲ. ಆ ಹುಳುವಿಗೆ ಯಾವ ಕಂಪ್ಯೂಟರಿನ ಒಳಗಿನ ಸಾಮಾನೂ ಬೇಕಾಗಿರಲಿಲ್ಲ. ಮುಂದಿನದಕ್ಕೆ ಹೋಗಲು ಈ ಕಂಪ್ಯೂಟರು ಬೇಕಾಗಿತ್ತು. ಆದ್ದರಿಂದ ‘ನಮ್ಮಲ್ಲೇನಿದೆ’ ಎಂಬ ಮಾತು ನಮ್ಮ ನಷ್ಟವನ್ನು ಮಾತ್ರ ಲೆಕ್ಕ ಹಾಕುತ್ತದೆ. ನಮ್ಮ ಅಂಗಳವನ್ನು ಹಾದು ಪಕ್ಕದ ಮನೆಗೆ ಹೋದವನ ಲೆಕ್ಕ ಅದರಲ್ಲಿ ಬರುವುದಿಲ್ಲ.

ಇದನ್ನು ಯೋಚಿಸುವಾಗ ನನ್ನ ಮನಸ್ಸು ಕಂಪ್ಯೂಟರನ್ನು ಬಿಟ್ಟು ಕೊಳವೆಬಾವಿಯ ಕಡೆಗೆ ಹೋಯಿತು. ನೀರು ಸಿಗಲಿಲ್ಲವೆಂದೋ ಬತ್ತಿತೆಂದೋ ಬಿಟ್ಟ ಕೊಳವೆಬಾವಿ ಅದನ್ನು ಕೊರೆಸಿದವನ ಪಾಲಿಗೆ ಮುಗಿದ ಕಥೆ. ಸಾಲ ಇನ್ನೂ ಮುಗಿದಿರುವುದಿಲ್ಲ, ಬಾವಿ ಮಾತ್ರ ಮನಸ್ಸಿನಿಂದ ಹೋಗಿರುತ್ತದೆ. ಆದರೆ ಆ ಒಂದು ಗೇಣಿನ ಬಾಯಿ ನೆಲದಲ್ಲಿ ತೆರೆದೇ ಇರುತ್ತದೆ. ಅದರೊಳಗೆ ಬೀಳುವುದು ಕೊರೆಸಿದವನಲ್ಲ. ಆಡುತ್ತಾ ಬಂದ ಮಗು. ಇಂಥ ಸಾವುಗಳು ಮತ್ತೆ ಮತ್ತೆ ಆದದ್ದರಿಂದಲೇ 2010ರಲ್ಲಿ ಸುಪ್ರೀಂ ಕೋರ್ಟು, ಕೈಬಿಟ್ಟ ಕೊಳವೆಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಲೇಬೇಕೆಂದು ವಿಧಿಸಿತು. ಆಮೇಲೂ ಮಕ್ಕಳು ಬಿದ್ದರು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಎರಡು ವರ್ಷದೊಳಗಿನ ಮಗು ಜೀವಸಹಿತ ಮೇಲೆ ಬಂದದ್ದು ನಾಡಿಗೆಲ್ಲ ಹಬ್ಬವಾಯಿತು; ಬಹಳ ಮಕ್ಕಳಿಗೆ ಆ ಭಾಗ್ಯವಿರಲಿಲ್ಲ. ಪ್ರಿಂಟಿನ ಸರ್ವೀಸಿಗೂ ಮಗುವಿನ ಪ್ರಾಣಕ್ಕೂ ಹೋಲಿಕೆ ಸರಿಯಲ್ಲ ಎಂದು ನನಗೂ ಗೊತ್ತು. ನಾನು ಹೋಲಿಸುತ್ತಿರುವುದು ಅಪಾಯದ ಪ್ರಮಾಣವನ್ನಲ್ಲ, ಅದರ ದಿಕ್ಕನ್ನು. ಬಿಟ್ಟವನೊಬ್ಬ, ಬೀಳುವವನೊಬ್ಬ. ಅಟ್ಟದ ಹಂಡೆಗೂ ತೆರೆದ ಬಾವಿಗೂ ಇರುವ ವ್ಯತ್ಯಾಸ ಇಷ್ಟೇ. ಹಂಡೆಯನ್ನು ಇಟ್ಟುಕೊಂಡರೆ ಅದರ ಬೆಲೆಯನ್ನು ನಾನೇ ತೆರುತ್ತೇನೆ. ಬಾವಿಯನ್ನು ಬಿಟ್ಟರೆ ಅದರ ಬೆಲೆಯನ್ನು ನನಗೆ ಗೊತ್ತಿಲ್ಲದವರು ತೆರುತ್ತಾರೆ.

ಇನ್ನು ಮೊದಲನೆಯ ಮಾತಿಗೆ ಬರೋಣ: ‘ಯೋಚನೆ ಯಾತಕ್ಕೆ, ಬಂದ್ ಮಾಡಿ.’ ಇಂಗ್ಲಿಷ್ ಲೇಖಕ ಚೆಸ್ಟರ್‌ಟನ್ 1929ರ ಒಂದು ಪುಸ್ತಕದಲ್ಲಿ ರಸ್ತೆಗೆ ಅಡ್ಡ ಹಾಕಿದ ಬೇಲಿಯ ಪ್ರಸಂಗ ಹೇಳುತ್ತಾನೆ. ಇದರ ಉಪಯೋಗ ಕಾಣುತ್ತಿಲ್ಲ, ಕಿತ್ತುಹಾಕೋಣ ಎಂದು ಒಬ್ಬ ಸುಧಾರಕ ಹೊರಡುತ್ತಾನೆ. ಉಪಯೋಗ ಕಾಣದಿದ್ದರೆ ನಿನಗೆ ಕೀಳಲು ಬಿಡುವುದಿಲ್ಲ, ಯಾತಕ್ಕೆ ಹಾಕಿದ್ದರು ಎಂದು ತಿಳಿದುಕೊಂಡು ಬಾ, ಆಮೇಲೆ ನೋಡೋಣ ಎನ್ನುವುದು ಚೆಸ್ಟರ್‌ಟನ್ನನ ವಾದ. ನಮ್ಮ ವಿಷಯದಲ್ಲಿ ಬೇಲಿ ಯಾತಕ್ಕೆ ಹಾಕಿದ್ದರು ಎಂಬುದು ತಿಳಿದಿದೆ: ಹಲವು ಮೆಷಿನ್ನುಗಳಿಗೆ ಒಂದು ಪ್ರಿಂಟರು ಇದ್ದ ಕಾಲದ ಅನುಕೂಲ ಅದು. ಹಾಗಾಗಿ ಪರೀಕ್ಷೆಯಲ್ಲಿ ನಾವು ಪಾಸು ಎನ್ನಿಸಿತು. ಆದರೆ ಚೀಟಿಯಲ್ಲಿದ್ದ ‘ಮೂರು ತಿಂಗಳು’ ಎಂಬ ಮಾತು ನನ್ನನ್ನು ಕುಟುಕುತ್ತಲೇ ಇತ್ತು.

ಚೀಟಿ ಬಂದದ್ದು ಮಾರ್ಚಿನಲ್ಲಿ. ಮೂರು ತಿಂಗಳೆಂದರೆ ಡಿಸೆಂಬರು, ಜನವರಿ, ಫೆಬ್ರವರಿ. ಪಿಂಚಣಿದಾರರು ತಾವು ಬದುಕಿದ್ದೇವೆ ಎಂದು ಪ್ರಮಾಣ ಪತ್ರ ಒಪ್ಪಿಸುವ ತಿಂಗಳು ನವೆಂಬರು. 2014ರಿಂದ ಅದನ್ನು ಕಂಪ್ಯೂಟರಿನಲ್ಲೇ ಒಪ್ಪಿಸಬಹುದು. ಆದರೂ ಕೈಯಲ್ಲೊಂದು ಕಾಗದ ಇಲ್ಲದಿದ್ದರೆ ನಮ್ಮ ತಲೆಮಾರಿನವರಿಗೆ ತಾವು ಬದುಕಿರುವುದು ಖಾತ್ರಿಯಾಗುವುದಿಲ್ಲ. ಆ ತಿಂಗಳಲ್ಲಿ ಓದುಗರ ಕಂಪ್ಯೂಟರಿನ ಮುಂದೆ ಕೂತು, ಯಾರಾದರೂ ಹುಡುಗರ ಕೈಯಲ್ಲಿ ನಮೂನೆ ತೆಗೆಸಿ, ಮೇಜಿನ ಪ್ರಿಂಟರಿನಿಂದ ಕಾಗದ ಇಸಿದುಕೊಂಡು ಹೋಗುವ ನಾಲ್ಕೈದು ಜನರನ್ನು ನಾನೇ ನೋಡಿದ್ದೇನೆ. ಮೇ ಜೂನಿನಲ್ಲಿ ಕಾಲೇಜಿನ ಅರ್ಜಿಗೆ ಬರುವ ಮಕ್ಕಳಿದ್ದಾರೆ. ಹುಡುಗನನ್ನು ಕರೆದು ಕೇಳಿದೆ: ‘ನವೆಂಬರಿನ ಲೆಕ್ಕ ಇದೆಯೇನಪ್ಪಾ?’ ‘ಅಷ್ಟು ಹಿಂದಿನದು ಇಟ್ಟಿಲ್ಲ ಮೇಷ್ಟ್ರೇ. ಮೂರು ತಿಂಗಳಾದ ಮೇಲೆ ಅಳಿಸಿ ಹೋಗುತ್ತೆ’ ಎಂದ.

ಇಲ್ಲಿ ನಿಜವಾದ ಪ್ರಶ್ನೆ ಇದೆ ಎಂದು ನನಗನ್ನಿಸುತ್ತದೆ. ‘ಯಾರೂ ಬಳಸುತ್ತಿಲ್ಲ’ ಎಂಬುದು ಒಂದು ಸಂಗತಿಯಂತೆ ಕೇಳಿಸಿದರೂ ಅದು ಒಂದು ತೀರ್ಪು. ಎಷ್ಟು ದಿನ ನೋಡಿದೆವು, ಎಲ್ಲಿ ನಿಂತು ನೋಡಿದೆವು ಎಂಬುದರ ಮೇಲೆ ಅದು ನಿಂತಿದೆ. ದಿನವೂ ಬರುವವನು ಲೆಕ್ಕದಲ್ಲಿ ಕಾಣುತ್ತಾನೆ, ವರ್ಷಕ್ಕೊಮ್ಮೆ ಬರುವವನು ಕಾಣುವುದಿಲ್ಲ. ಆದರೆ ವರ್ಷಕ್ಕೊಮ್ಮೆ ಬರುವವನಿಗೇ ಬಹಳ ಸಲ ಬೇರೆ ದಾರಿ ಇರುವುದಿಲ್ಲ. ದಿನಕ್ಕೊಂದೇ ಟ್ರಿಪ್ಪು ಇರುವ ಬಸ್ಸನ್ನು ಜನ ಕಡಿಮೆ ಎಂದು ನಿಲ್ಲಿಸುವಾಗಲೂ, ಹತ್ತು ಮಕ್ಕಳ ಶಾಲೆಯನ್ನು ಮುಚ್ಚುವಾಗಲೂ ನಾವು ಕೇಳುವುದು ಇದೇ ಮಾತು. ಬಳಸುವವರ ಸಂಖ್ಯೆ ಹೇಳುತ್ತಾರೆ, ಬಳಸುವವರು ಯಾರು ಎಂದು ಹೇಳುವುದಿಲ್ಲ.

ಹುಡುಗ ಇದಕ್ಕೊಂದು ಒಳ್ಳೆಯ ಉತ್ತರ ಕೊಟ್ಟ. ‘ಮೇಷ್ಟ್ರೇ, ಇದೇನು ಬಾವಿ ಮುಚ್ಚಿದ ಹಾಗಲ್ಲ. ಬೇಕಾದರೆ ಮತ್ತೆ ಶುರು ಮಾಡಲು ಒಂದು ನಿಮಿಷ ಸಾಕು.’ ತೂಕದ ಮಾತು. ತಿರುಗಿ ಸರಿಪಡಿಸಬಹುದಾದ ಕೆಲಸಕ್ಕೂ ಸರಿಪಡಿಸಲಾಗದ ಕೆಲಸಕ್ಕೂ ಒಂದೇ ಎಚ್ಚರಿಕೆ ಬೇಡ. ಮರ ಕಡಿಯುವವನು ಯೋಚಿಸಬೇಕಾದಷ್ಟು ಕೊಂಬೆ ಸವರುವವನು ಯೋಚಿಸಬೇಕಾಗಿಲ್ಲ. ಈ ಲೆಕ್ಕದಲ್ಲಿ ಮುಚ್ಚುವುದೇ ಸರಿ, ತಪ್ಪೆನಿಸಿದರೆ ತೆರೆದರಾಯಿತು. ಒಳಗೆ ಬಂದವನನ್ನು ಹೊರಗೆ ಕಳಿಸುವುದಕ್ಕೆ ಮಾತ್ರ ಒಂದು ನಿಮಿಷ ಸಾಲದು.

ಆದರೆ ಒಂದು ನಿಮಿಷ ಯಾರಿಗೆ? ಅದು ಹುಡುಗನಿಗೆ ಒಂದು ನಿಮಿಷ. ಆತ ವಾರಕ್ಕೆ ಎರಡು ದಿನ ಬರುತ್ತಾನೆ. ಹದಿನೈದು ಮೈಲಿ ದೂರದಿಂದ ಬಸ್ಸಿನಲ್ಲಿ ಬಂದ ಮುದುಕಿ ಮಂಗಳವಾರ ಬಂದರೆ ಆಕೆಗೆ ಅದು ಒಂದು ನಿಮಿಷವಲ್ಲ, ಒಂದು ದಿನ, ಬಸ್ಸಿನ ಖರ್ಚು, ಇನ್ನೊಬ್ಬರ ಹಂಗು. ಮೇಜಿನಲ್ಲಿ ಕೂತವರಿಗೆ ಸರ್ವೀಸು ನಿಂತಿರುವುದೇ ಗೊತ್ತಿಲ್ಲದಿದ್ದರೆ ‘ಪ್ರಿಂಟರು ಕೆಟ್ಟಿದೆ ಅಮ್ಮ’ ಎಂದು ಕಳಿಸಿಬಿಡುತ್ತಾರೆ. ಕೀಲಿಕೈ ಕೈಯಲ್ಲಿರುವವನಿಗೆ ಎಲ್ಲ ಬೀಗವೂ ತೆರೆದ ಹಾಗೆಯೇ ಕಾಣುತ್ತದೆ. ಒಂದು ಕೆಲಸವನ್ನು ತಿರುಗಿ ಸರಿಪಡಿಸಬಹುದು ಎಂದು ಹೇಳುವಾಗ, ಸರಿಪಡಿಸುವ ಶಕ್ತಿ ಯಾರಲ್ಲಿದೆ, ಸರಿಹೋಗುವ ತನಕ ಕಾಯುವವರು ಯಾರು ಎಂದೂ ಕೇಳಬೇಕು.

ಹಾಗೆಂದು ಈ ಮುದುಕಿಯ ಹೆಸರು ಹೇಳಿಕೊಂಡು ಸುಮ್ಮನಿರುವುದೂ ಸರಿಯಲ್ಲ. ಸುಮ್ಮನಿರುವುದಕ್ಕೆ ನಮ್ಮಲ್ಲಿ ಯಾವಾಗಲೂ ಒಂದು ಒಳ್ಳೆಯ ಹೆಸರು ಸಿಗುತ್ತದೆ. ಸರ್ವೀಸನ್ನು ಹಾಗೇ ಬಿಟ್ಟರೆ ನಾನು ಏನೂ ಮಾಡಲಿಲ್ಲ ಎಂದು ನನಗನ್ನಿಸಬಹುದು. ನಿಜವಾಗಿ ಬೇರೆ ಯಾರೋ ಮಾಡಿದ ತೀರ್ಮಾನಕ್ಕೆ ರುಜು ಹಾಕಿದ ಹಾಗಾಗುತ್ತದೆ. ಎಲ್ಲ ಮೆಷಿನ್ನುಗಳಲ್ಲೂ ಇದು ತಾನಾಗಿ ಓಡಲಿ ಎಂದು ತೀರ್ಮಾನಿಸಿದವರು ನಮ್ಮ ವಾಚನಾಲಯವನ್ನು ನೋಡಿದವರಲ್ಲ. ಎಲ್ಲೋ ದೂರದಲ್ಲಿ ಕೂತು, ಮಾಲು ಕೊಂಡವರಿಂದ ಪ್ರಿಂಟು ಬರುತ್ತಿಲ್ಲ ಎಂಬ ದೂರು ಬರದಿರಲಿ ಎಂದು ಮಾಡಿದ ಏರ್ಪಾಟು. ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬಿಬ್ಬರು 1975ರಲ್ಲೇ ಕಂಪ್ಯೂಟರಿನ ರಕ್ಷಣೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಇದಕ್ಕೆ ವಿರುದ್ಧವಾದ ನಿಯಮ ಹೇಳಿದ್ದರು: ಯಾರಿಗೆ ಎಷ್ಟು ಅಧಿಕಾರ ಬೇಕೋ ಅಷ್ಟೇ ಇರಬೇಕು, ಅನುಮತಿ ಇಲ್ಲ ಎಂಬುದೇ ಮೂಲಸ್ಥಿತಿಯಾಗಿರಬೇಕು. ನಮ್ಮ ಜೈನರು ಅಪರಿಗ್ರಹ ಎಂದದ್ದು ಬೇರೆ ಉದ್ದೇಶಕ್ಕೆ, ಆತ್ಮದ ಹಗುರಕ್ಕೆ. ಆದರೂ ಬೇಡದ್ದನ್ನು ಹಿಡಿದಿಟ್ಟುಕೊಂಡರೆ ಅದರಿಂದಾಗುವ ಹಿಂಸೆಯಲ್ಲಿ ನಮಗೂ ಪಾಲಿದೆ ಎಂಬ ಎಚ್ಚರ ಈ ಎರಡು ಕಡೆಯೂ ಇದೆ.

ಕೊನೆಗೆ ನಾನು ಕೊಟ್ಟ ಉತ್ತರ ಹುಡುಗನ ಚೀಟಿಗಿಂತ ಉದ್ದವಾಯಿತು. ಓದುಗರ ಮೂರು ಮೆಷಿನ್ನುಗಳಲ್ಲಿ ಸರ್ವೀಸನ್ನು ಪೂರ್ತಿ ನಿಲ್ಲಿಸುವುದು. ಮೇಜಿನ ಮೆಷಿನ್ನಿನಲ್ಲಿ ಅದನ್ನು ಉಳಿಸಿ, ನೆಟ್‌ವರ್ಕಿನಿಂದ ಬರುವ ಕೋರಿಕೆಗಳನ್ನು ಮಾತ್ರ ನಿರಾಕರಿಸುವುದು. ತಂತಿಯಲ್ಲಿ ಜೋಡಿಸಿದ ಪ್ರಿಂಟರು ಆಗಲೂ ಕೆಲಸ ಮಾಡುತ್ತದೆ. 2021ರಲ್ಲಿ ಮೈಕ್ರೋಸಾಫ್ಟ್ ಕಂಪನಿ ತಾನೇ ಸೂಚಿಸಿದ ಎರಡು ದಾರಿಗಳಲ್ಲಿ ಇದೂ ಒಂದಾಗಿತ್ತು. ಇಷ್ಟಾದ ಮೇಲೂ ಕಾಲಕಾಲಕ್ಕೆ ಬರುವ ರಿಪೇರಿಗಳನ್ನು ಹಾಕಲೇಬೇಕು. ಪ್ರಿಂಟು ಬೇಕಾದವರನ್ನು ಮೇಜಿನವರು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು ತೆಗೆದುಕೊಡಬೇಕು. ಪೆನ್ ಡ್ರೈವಿನಲ್ಲಿ ಹೊತ್ತು ತರುವ ಅಭ್ಯಾಸ ಬೇಡ, ಯಾಕೆಂದರೆ ಸ್ಟಕ್ಸ್‌ನೆಟ್ ಅದರಲ್ಲೂ ಸವಾರಿ ಮಾಡಿತ್ತು. ಬಾಗಿಲು ಹಾಕಿ ಕಿಟಕಿ ತೆಗೆದ ಹಾಗಾಗಬಾರದು. ಏನನ್ನು ನಿಲ್ಲಿಸಿದೆ, ಯಾಕೆ ನಿಲ್ಲಿಸಿದೆ, ಮತ್ತೆ ಶುರು ಮಾಡುವುದು ಹೇಗೆ ಎಂದು ಹುಡುಗ ಕನ್ನಡದಲ್ಲಿ ಬರೆದು ಮೇಜಿನ ರಿಜಿಸ್ಟರಿನಲ್ಲಿ ಅಂಟಿಸಬೇಕು. ನವೆಂಬರು ಕಳೆದ ಮೇಲೆ ಇನ್ನೊಮ್ಮೆ ಕೂತು ನೋಡಬೇಕು. ‘ಇಷ್ಟು ಸಣ್ಣ ವಿಷಯಕ್ಕೆ ಇಷ್ಟೆಲ್ಲ ಬರೆಯಬೇಕೇ ಮೇಷ್ಟ್ರೇ?’ ಎಂದು ಆತ ಕೇಳಿದ. ಮುಚ್ಚುವುದು ನಿನ್ನ ಕೆಲಸ, ಬರೆಯುವುದು ಕಾಯುವವರ ಹಕ್ಕು ಎಂದೆ. ಬರೆದ.

ಈ ಏರ್ಪಾಟಿನಿಂದ ಪ್ರಪಂಚದ ಕಂಪ್ಯೂಟರುಗಳೆಲ್ಲ ಕ್ಷೇಮವಾದವು ಎಂದೇನೂ ನಾನು ಭಾವಿಸುವುದಿಲ್ಲ. ಯಾರೂ ನಮ್ಮ ಬಾಗಿಲನ್ನು ತಟ್ಟದೆಯೇ ಹೋಗಿರಬಹುದು. ತಪ್ಪಿದ ಅಪಾಯಕ್ಕೆ ಸಾಕ್ಷಿ ಇರುವುದಿಲ್ಲ; ಆದ ಅನಾನುಕೂಲಕ್ಕೆ ಮಾತ್ರ ದೂರು ಬರುತ್ತದೆ. ಜವಾಬ್ದಾರಿಯ ಕೆಲಸಗಳ ಹಣೆಬರಹವೇ ಹಾಗೆ. ಬಾಗಿಲು ತೆರೆದಿಡುವುದನ್ನು ನಾವು ದೊಡ್ಡ ಗುಣವೆಂದು ತಿಳಿದವರು, ಹಾಗೆ ತಿಳಿದದ್ದು ಸರಿಯೇ. ಆದರೆ ನಮ್ಮ ಹಿರಿಯರು ಬಾಗಿಲು ತೆರೆದಿಟ್ಟಾಗ ಜಗಲಿಯ ಮೇಲೆ ಯಾರಾದರೂ ಕೂತಿರುತ್ತಿದ್ದರು. ಬಂದವರು ಯಾರು ಎಂದು ಕೇಳುತ್ತಿದ್ದರು, ನೀರು ಬೆಲ್ಲ ಕೊಡುತ್ತಿದ್ದರು. ಜಗಲಿ ಖಾಲಿಯಾದ ಮೇಲೆ ಬಾಗಿಲನ್ನು ಎಳೆದುಕೊಳ್ಳುವುದರಲ್ಲಿ ಜಿಪುಣತನವೇನೂ ಇಲ್ಲ. ಹೊರಗಿನಿಂದ ಕರೆದರೆ ಕೇಳಿಸುವಷ್ಟು ದೂರದಲ್ಲಿ ನಾವಿರಬೇಕು, ಅಷ್ಟೆ.